ಸರಪಳಿ ಎಳೆದ ಗೆರೆ

ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ನಿವೇಶನ ನೋಡಲು ಹೋಗುವವರು ಈಗ ನೆರೆಹೊರೆಯವರನ್ನು ವಿಚಾರಿಸುವ ಮೊದಲೇ ಮೊಬೈಲ್ ಫೋನ್ ತೆಗೆಯುತ್ತಾರೆ. ‘ದಿಶಾಂಕ್’ ಎಂಬ ಸರ್ಕಾರಿ ಆಪ್ ತೆರೆದರೆ ಪರದೆಯ ಮೇಲೆ ಉಪಗ್ರಹದ ಚಿತ್ರ ಮೂಡುತ್ತದೆ. ಅದರ ಮೇಲೆ ಮೀನುಬಲೆ ಹರವಿದಂತೆ ಗೆರೆಗಳು. ಬಲೆಯ ಒಂದೊಂದು ಕಣ್ಣಿನಲ್ಲೂ ಒಂದೊಂದು ಸಂಖ್ಯೆ. ನಿಂತ ಜಾಗದ ಮೇಲೆ ಬೆರಳಿಟ್ಟರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಲ್ಲವೂ ಬರುತ್ತವೆ. ಅಲ್ಲಿಂದ ಪಹಣಿಯ ವಿವರಕ್ಕೂ ದಾರಿಯಿದೆ. ದಲ್ಲಾಳಿ ಹೊಗಳುತ್ತಿರುವ ನಿವೇಶನ ಹಳೆಯ ಕಾಲುವೆಯ ಜೋಡುಗೆರೆಯ ಮೇಲೆ ಕುಳಿತಿದೆಯೇ, ಕೆರೆಯಂಗಳದ ಒಳಗಿದೆಯೇ ಎಂಬುದು ಅರ್ಧ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಕೊಳ್ಳುವವರ ನಂಬಿಕೆಯಂತೂ ಹಾಗಿದೆ.

ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವು ಭೂಮಾಪನ ಇಲಾಖೆಗಾಗಿ ಸಿದ್ಧಪಡಿಸಿದ ಈ ಆಪ್ 2018ರಲ್ಲಿ ಜನರ ಕೈಗೆ ಬಂತು. ಪರದೆಯಲ್ಲಿ ಕಾಣುವ ಚಿತ್ರ ಹೊಸದು, ಆಕಾಶದಿಂದ ತೆಗೆದದ್ದು. ಅದರ ಮೇಲಿನ ಗೆರೆಗಳ ಜಾತಕವೇ ಬೇರೆ. ಹಳೆ ಮೈಸೂರಿನ ಮಟ್ಟಿಗೆ ಹೇಳುವುದಾದರೆ, ಅವುಗಳಲ್ಲಿ ಬಹುಪಾಲು ಸುಮಾರು ನೂರೈವತ್ತು ವರ್ಷಗಳ ಹಿಂದೆ ಹೊಲದ ಬದುವಿನ ಮೇಲೆ ಕಬ್ಬಿಣದ ಸರಪಳಿ ಎಳೆದು, ಕಾಗದದ ಮೇಲೆ ಮಸಿಯಲ್ಲಿ ಮೂಡಿಸಿದ ಗೆರೆಗಳು. ಕೆರೆ ಉಳಿಸಬೇಕೆಂದು ಆ ಗೆರೆಗಳನ್ನು ಎಳೆಯಲಿಲ್ಲ, ಮನೆ ಕಟ್ಟುವವರಿಗೆ ಅನುಕೂಲವಾಗಲಿ ಎಂದೂ ಎಳೆಯಲಿಲ್ಲ. ಕಂದಾಯ ವಸೂಲಿಗಾಗಿ ಎಳೆದರು. ಇಂದು ಬೆಂಗಳೂರಿನಲ್ಲಿ ಕೆರೆ, ಕಾಲುವೆ, ಮನೆ ಇವುಗಳ ನಡುವೆ ನಡೆಯುತ್ತಿರುವ ಬಹಳಷ್ಟು ಜಗಳಗಳ ಬೇರು ಇಲ್ಲಿದೆ.

ನಕ್ಷೆ ಇಲ್ಲದ ಕಾಲ

ಜಮೀನಿಗೆ ಗಡಿ ಎಂಬುದು ನಮ್ಮಲ್ಲಿ ಬಹಳ ಹಳೆಯದು. ನಕ್ಷೆ ಅಷ್ಟು ಹಳೆಯದಲ್ಲ. ಶಾಸನಗಳಲ್ಲಿ ದತ್ತಿ ಕೊಟ್ಟ ಭೂಮಿಯ ಮೇರೆಯನ್ನು ಮಾತಿನಲ್ಲೇ ಕಟ್ಟಿಕೊಡುತ್ತಿದ್ದರು. ಮೂಡಲು ಇಂಥ ಕೆರೆಯ ಕೋಡಿ, ತೆಂಕಲು ಹುತ್ತ, ಪಡುವಲು ಒಂದು ಮರ, ಬಡಗಲು ನೆಟ್ಟ ಕಲ್ಲು ಎಂಬ ಧಾಟಿ. ಶಿವಾಲಯಕ್ಕೆ ಬಿಟ್ಟ ಭೂಮಿಯ ಮೂಲೆಯಲ್ಲಿ ಲಿಂಗಮುದ್ರೆಯ ಕಲ್ಲು, ವೈಷ್ಣವ ದತ್ತಿಗೆ ವಾಮನಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಓದು ಬಾರದವನಿಗೂ ಇದು ಯಾರ ನೆಲ ಎಂದು ತಿಳಿಯುತ್ತಿತ್ತು. ಇಂಥ ಕಲ್ಲುಗಳು ಇಂದಿಗೂ ಹೊಲಗಳ ನಡುವೆ ಸಿಗುತ್ತವೆ.

ಅಳತೆ ಮಾತ್ರ ಊರಿಗೊಂದು. ಮತ್ತರು, ಕಂಬ, ಖಂಡುಗ ಎಂಬ ಹೆಸರುಗಳು ಶಾಸನಗಳಲ್ಲಿ ಧಾರಾಳವಾಗಿವೆ. ಬಳ್ಳಿಗಾವೆಯ ಕಡೆ ‘ಭೇರುಂಡ ಗಳೆ’ ಎಂಬ ಅಳತೆಗೋಲಿನ ಮಾತು ಬರುತ್ತದೆ. ಮೈಸೂರು ಸೀಮೆಯಲ್ಲಿ ಗದ್ದೆಯನ್ನು ಬೀಜವರಿಯ ಮೇಲೆ ಲೆಕ್ಕ ಹಾಕುವುದು ರೂಢಿ. ಒಂದು ಖಂಡುಗ ಬೀಜ ಹಿಡಿಸುವ ನೆಲವೇ ಒಂದು ಖಂಡುಗ ಗದ್ದೆ. ಊರಿನ ಕೊಳಗ ಚಿಕ್ಕದಾದರೆ ಗದ್ದೆಯೂ ಚಿಕ್ಕದು! ಈ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿ ಮತ್ತು ಹಿರಿಯರ ನೆನಪಿನಲ್ಲಿ ಇರುತ್ತಿತ್ತು. ಹೊರಗಿನಿಂದ ಬಂದ ಅಧಿಕಾರಿಗೆ ಅದು ಸುಲಭಕ್ಕೆ ಎಟುಕುವಂಥದ್ದಲ್ಲ. ಶಾನುಭೋಗರ ಬಲವೂ ಅದೇ ಆಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಮೈಸೂರು ದೇಶವನ್ನು ಅಳೆಯುವ ಕೆಲಸ ಶುರುವಾಯಿತು. 1800ರಲ್ಲಿ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆ ಕೈಗೆತ್ತಿಕೊಂಡರು. ಅದೇ ವರ್ಷ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ನೇರ ಗೆರೆಯೊಂದನ್ನು ಅತಿ ಸೂಕ್ಷ್ಮವಾಗಿ ಅಳೆದರು. ಭಾರತವನ್ನೇ ತ್ರಿಕೋನಗಳಲ್ಲಿ ಹಿಡಿದ ಮಹಾ ಸರ್ವೆಯ ಪೂರ್ವಸಿದ್ಧತೆ ಅದು. ಬೆಟ್ಟ, ಕೋಟೆ, ರಸ್ತೆ, ಕೆರೆ, ಊರು ಇವೆಲ್ಲ ಆ ನಕ್ಷೆಗಳಿಗೆ ಬಂದವು. ದಂಡು ನಡೆಸುವವರಿಗೂ ರಾಜ್ಯಭಾರ ಮಾಡುವವರಿಗೂ ಅಷ್ಟು ಸಾಕಿತ್ತು. ರೈತನ ಹೊಲದ ಬದು ಇಬ್ಬರಿಗೂ ಬೇಕಿರಲಿಲ್ಲ.

ಬದು ಬೇಕಾದದ್ದು ಕಂದಾಯದವರಿಗೆ. ಪುಣೆ ಪ್ರಾಂತ್ಯದಲ್ಲಿ 1820ರ ದಶಕದಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಮಾಡಿದ ಕಂದಾಯ ನಿಗದಿ ರೈತರ ಮೇಲೆ ಭಾರವಾಗಿ ಕುಸಿದುಬಿತ್ತು. ಅದರ ಅವಶೇಷದ ಮೇಲೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1830ರ ದಶಕದ ನಡುಭಾಗದಲ್ಲಿ ಇಂದಾಪುರ ತಾಲ್ಲೂಕಿನಿಂದ ಹೊಸ ಪದ್ಧತಿ ಆರಂಭಿಸಿದರು. ಒಬ್ಬ ರೈತ ಒಂದು ಜೊತೆ ಎತ್ತಿನಿಂದ ಉಳಬಲ್ಲಷ್ಟು ನೆಲವನ್ನು ಅಂದಾಜಿಗೆ ಇಟ್ಟುಕೊಂಡು ಭೂಮಿಯನ್ನು ತುಂಡು ಮಾಡುವುದು, ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಡುವುದು, ಆ ಸಂಖ್ಯೆಯ ಮೇಲೆ ಮೂವತ್ತು ವರ್ಷಕ್ಕೆ ಕಂದಾಯ ನಿಲ್ಲಿಸುವುದು. ಇದೇ ‘ಸರ್ವೆ ನಂಬರ್’. 1847ರ ಜಂಟಿ ವರದಿಯಲ್ಲಿ ಈ ಪದ್ಧತಿ ನಿಯಮದ ರೂಪ ಪಡೆಯಿತು. ಮುಂಬಯಿ ಆಡಳಿತದಲ್ಲಿದ್ದ ಧಾರವಾಡದ ಕಡೆಗೆ ಇದು 1840ರ ದಶಕದಲ್ಲೇ ಬಂದಿತ್ತು. ಮೈಸೂರಿಗೆ ತಂದವರು ಕಮಿಷನರ್ ಬೌರಿಂಗ್. ವರ್ಷ 1863.

ಮದ್ರಾಸ್ ಆಡಳಿತದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಸರ್ವೆ ಬೇರೆ ದಾರಿಯಲ್ಲಿ ನಡೆಯಿತು. ಮಂಗಳೂರಿನವರು ಇಂದಿಗೂ ಸೆಂಟ್ಸ್ ಲೆಕ್ಕದಲ್ಲಿ ಮಾತಾಡುವುದು, ಮಂಡ್ಯ–ಧಾರವಾಡದವರು ಗುಂಟೆ ಎನ್ನುವುದು ಈ ಕಾರಣಕ್ಕೇ.

ಹದಿನಾರಾಣೆ ಲೆಕ್ಕ

ಮುಂಬಯಿ ಪದ್ಧತಿಯ ಸರಪಳಿ 33 ಅಡಿ ಉದ್ದ. ಅದನ್ನು 16 ಆಣೆಗಳಾಗಿ ಭಾಗ ಮಾಡಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ರೂಪಾಯಿಗೆ 16 ಆಣೆ, ಸರಪಳಿಗೆ 16 ಆಣೆ, ಗುಂಟೆಗೂ 16 ಆಣೆ. ಮಣ್ಣಿನ ಗುಣವನ್ನೂ ಆಣೆಯಲ್ಲೇ ಅಳೆದರು. ಉತ್ತಮ ನೆಲವೆಂದರೆ ಹದಿನಾರಾಣೆ ನೆಲ. ಹಳ್ಳಿಯವನಿಗೆ ಈ ಲೆಕ್ಕ ಬಾಯಿಗೆ ಬರುವಂಥದ್ದು. ಪದ್ಧತಿ ನಿಂತದ್ದಕ್ಕೆ ಈ ಸರಳತೆಯೂ ಒಂದು ಕಾರಣ ಎನ್ನಬೇಕು.

ಕೆಲಸದ ಕ್ರಮ ಹೀಗೆ. ಭೂಮಾಪಕ ಹೊಲದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೇರವಾಗಿ ಸರಪಳಿ ಹಿಡಿಸುತ್ತಿದ್ದ. ಅದೇ ಆಧಾರ ಗೆರೆ. ಆ ಗೆರೆಯಿಂದ ಬದುವಿನ ಪ್ರತಿ ತಿರುವಿಗೂ ಲಂಬವಾಗಿ ಅಳತೆ ತೆಗೆದು, ಹೊಲವನ್ನು ತ್ರಿಕೋನಗಳಾಗಿ ಒಡೆದು, ಕೈಬರಹದ ಚಿತ್ರವೊಂದನ್ನು ಬರೆದುಕೊಳ್ಳುತ್ತಿದ್ದ. ಇದಕ್ಕೆ ‘ಟಿಪ್ಪಣಿ’ ಎಂದು ಹೆಸರು. ಹೊಲದ ಮೂಲೆಗಳಲ್ಲಿ ಬಾಂದು ಕಲ್ಲು ಹುಗಿಯಲಾಗುತ್ತಿತ್ತು. ಸರಪಳಿ ಹಿಡಿಯುವ, ಕಲ್ಲು ಹೊರುವ ಕೆಲಸಕ್ಕೆ ಬಾಂದು ಜವಾನರು. ಊರಿನ ಎಲ್ಲ ಟಿಪ್ಪಣಿಗಳನ್ನು ಒಟ್ಟಿಗೆ ಜೋಡಿಸಿ, 20 ಸರಪಳಿಗೆ ಒಂದು ಅಂಗುಲದಂತೆ ಇಳಿಸಿ ಬರೆದರೆ ಗ್ರಾಮ ನಕ್ಷೆ ಸಿದ್ಧ. ಯಾವ ನಂಬರಿಗೆ ಎಷ್ಟು ವಿಸ್ತೀರ್ಣ, ಎಷ್ಟು ಆಕಾರ ಎಂಬುದು ಆಕಾರಬಂದ್ ಪುಸ್ತಕಕ್ಕೆ ಹೋಗುತ್ತಿತ್ತು.

ಇಡೀ ಏರ್ಪಾಟಿನಲ್ಲಿ ಒಂದು ಪದವನ್ನು ಗಮನಿಸಬೇಕು. ಅದು ‘ಖರಾಬು’. ಉಳಲಾಗದ, ಆದ್ದರಿಂದ ಕಂದಾಯ ಹಾಕಲಾಗದ ನೆಲವೆಲ್ಲ ಖರಾಬು. ಬಂಡೆ, ಕೊರಕಲು, ಮನೆಯ ಹಿತ್ತಿಲು ಒಂದು ಬಗೆ. ರಸ್ತೆ, ಕಾಲುದಾರಿ, ಹಳ್ಳ, ಕಾಲುವೆ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆ ಬಿಟ್ಟದ್ದು ಇನ್ನೊಂದು ಬಗೆ. ಮೊದಲನೆಯದು ‘ಎ’, ಎರಡನೆಯದು ‘ಬಿ’. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲೂ ಈ ವಿಂಗಡಣೆ ಉಳಿದುಕೊಂಡಿದೆ. ಸರ್ವೆ ನಂಬರ್ ಒಂದರಲ್ಲಿ 4 ಎಕರೆ 20 ಗುಂಟೆ ಇದ್ದು, ಅದರಲ್ಲಿ 12 ಗುಂಟೆ ಹಳ್ಳಕ್ಕೆ ಹೋಗಿದೆ ಎಂದುಕೊಳ್ಳಿ. ಕಂದಾಯದ ಲೆಕ್ಕಕ್ಕೆ ಆ 12 ಗುಂಟೆಯನ್ನು ಕಳೆಯಲಾಗುತ್ತಿತ್ತು. ಕಾಲುವೆಗೆ ದಾಖಲೆಯಲ್ಲಿ ಸಿಕ್ಕ ಸ್ಥಾನ ಇದು, ಕಳೆಯುವ ಲೆಕ್ಕದ ಸ್ಥಾನ.

ದೊಡ್ಡ ಕೆರೆಗೆ ಸಾಮಾನ್ಯವಾಗಿ ತನ್ನದೇ ಸರ್ವೆ ನಂಬರ್ ಸಿಗುತ್ತಿತ್ತು. ಕೆರೆಗೆ ನೀರು ತರುವ ಕಾಲುವೆಗೆ ಅನೇಕ ಕಡೆ ಅದೂ ಇಲ್ಲ. ಹತ್ತಾರು ರೈತರ ನಂಬರುಗಳ ನಡುವೆ ಅದು ಜೋಡುಗೆರೆಯಾಗಿ ಹಾದುಹೋಗುತ್ತದೆ. ಒಂದೊಂದು ನಂಬರಿನಲ್ಲಿ ಒಂದಿಷ್ಟು ಗುಂಟೆ ಬಿ ಖರಾಬಾಗಿ ಹಂಚಿಹೋಗಿದೆ. ಒಟ್ಟು ಕಾಲುವೆಯನ್ನು ಒಂದೇ ಹಾಳೆಯಲ್ಲಿ ನೋಡಬೇಕಾದರೆ ನಾಲ್ಕೈದು ಗ್ರಾಮ ನಕ್ಷೆಗಳನ್ನು ಪಕ್ಕಪಕ್ಕ ಹಾಸಬೇಕು.

ಸರ್ವೆಯವರು ಹೀಗೆ ನೆಲವನ್ನು ತುಂಡು ಮಾಡುತ್ತಿದ್ದ ವರ್ಷಗಳಲ್ಲೇ ಮೈಸೂರಿನ ಮುಖ್ಯ ಎಂಜಿನಿಯರ್ ಮೇಜರ್ ಸ್ಯಾಂಕಿ ಅದೇ ನೆಲವನ್ನು ಬೇರೊಂದು ಕಣ್ಣಿನಿಂದ ನೋಡುತ್ತಿದ್ದರು. ಮಲೆನಾಡು ಬಿಟ್ಟರೆ ಮೈಸೂರಿನ ಬಹುಭಾಗದ ನೀರು ಕೆರೆಗಳ ಸರಣಿಯಲ್ಲಿ ಸಿಕ್ಕಿಬಿದ್ದಿದೆ, ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ, ಹೊಸದನ್ನು ಕಟ್ಟಿದರೆ ಅದು ಕೆಳಗಿನ ಕೆರೆಯ ನೀರನ್ನು ಕಸಿದಂತೆಯೇ ಸರಿ ಎಂಬ ಅರ್ಥದ ಮಾತನ್ನು 1866ರಲ್ಲಿ ಬರೆದರು. ಮೇಲಿನ ಕೆರೆಯ ಕೋಡಿ ಹರಿದ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಕ್ಕೆ. ಸ್ಯಾಂಕಿಯವರಿಗೆ ಕಂಡದ್ದು ಈ ಕೊಂಡಿ. ಸರ್ವೆಯವರಿಗೆ ಕಂಡದ್ದು ಕೊಂಡಿಯ ಆಚೀಚೆಯ ಹೊಲ. ಇಬ್ಬರೂ ಒಂದೇ ಸರ್ಕಾರದ ನೌಕರರು. ಆದರೂ ರೈತನ ಹಕ್ಕಿಗೆ, ಮಾರಾಟಕ್ಕೆ, ಕೋರ್ಟಿನ ಸಾಕ್ಷ್ಯಕ್ಕೆ ಆಧಾರವಾಗಿ ನಿಂತದ್ದು ಸರ್ವೆಯವರ ನಕ್ಷೆಯೇ.

ಹೊಲ ಹೋಗಿ ಸೈಟು ಬಂತು

ಬೆಂಗಳೂರಿನಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ. ದಿಣ್ಣೆಯ ಮೇಲಿನ ಈ ಊರಿನ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಿಗೆ ಇಳಿದುಹೋಗುತ್ತದೆ. ಮೊದಲೆರಡರ ನೀರು ದಕ್ಷಿಣ ಪಿನಾಕಿನಿಗೆ, ಮೂರನೆಯದು ಅರ್ಕಾವತಿಯ ಮೂಲಕ ಕಾವೇರಿಗೆ. ಈ ಕಣಿವೆಗಳ ಉದ್ದಕ್ಕೂ ಏರಿ ಕಟ್ಟಿ ನೀರು ನಿಲ್ಲಿಸಿದ್ದು ಕೆಂಪೇಗೌಡರಿಗಿಂತ ಬಹಳ ಹಿಂದಿನಿಂದ ನಡೆದುಬಂದ ಕೆಲಸ. ಅಗರದಲ್ಲಿ ಸಿಕ್ಕ ಒಂಬತ್ತನೆಯ ಶತಮಾನದ ಶಾಸನ ಕೆರೆಗೆ ತೂಬು ಇಡಿಸಿದ ವಿಚಾರ ಹೇಳುತ್ತದೆ.

ಕೆರೆಗಳು ಹೋದದ್ದನ್ನು ಇಲ್ಲಿ ಉದ್ದಕ್ಕೆ ಹೇಳಬೇಕಿಲ್ಲ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು, ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಇವೆಲ್ಲ ಎಲ್ಲರ ಕಣ್ಣೆದುರು, ಬಹುಮಟ್ಟಿಗೆ ಸರ್ಕಾರದ ಕೈಯಿಂದಲೇ ಆದವು. ಕಾಲುವೆಗಳು ಹೋದದ್ದು ಮಾತ್ರ ಯಾರಿಗೂ ಕಾಣದಂತೆ. ಹೊಲದ ಮಧ್ಯೆ ಮಳೆಗಾಲದಲ್ಲಿ ಮಾತ್ರ ಹರಿಯುವ, ಉಳಿದ ಕಾಲ ಲಂಟಾನ ಬೆಳೆದ ತಗ್ಗು ಅದು. ರೈತ ಹೊಲ ಮಾರಿದ. ಕೊಂಡವನು ಸೈಟು ಮಾಡಿದ. ಬಡಾವಣೆಯ ನೀಲಿ ನಕ್ಷೆಯಲ್ಲಿ ತಗ್ಗು ಕಾಣಲಿಲ್ಲ. ಅಚ್ಚುಕಟ್ಟಿನಲ್ಲಿ ಬೆಳೆ ನಿಂತ ಮೇಲೆ ಕೆರೆಗೆ ನೀರು ಬಂದರೂ ಬಾರದಿದ್ದರೂ ಕೇಳುವವರಿರಲಿಲ್ಲ. ತೂಬು ಎತ್ತುವ ನೀರುಗಂಟಿಯೂ ಇಲ್ಲ, ಕಾಲುವೆಯ ಹೂಳು ತೆಗೆಸುವ ಊರೂ ಇಲ್ಲ.

ಇದರ ಒಟ್ಟು ಪರಿಣಾಮವನ್ನು ಅಂಕಿಗಳಲ್ಲಿ ಹಿಡಿದುಕೊಟ್ಟದ್ದು 2021ರ ಸಿಎಜಿ ವರದಿ. ಕೋರಮಂಗಲ ಕಣಿವೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಮಾರು 113 ಕಿಲೋಮೀಟರ್ ಇದ್ದ ಕಾಲುವೆಗಳ ಉದ್ದ 2016–17ರ ವೇಳೆಗೆ ಸುಮಾರು 63 ಕಿಲೋಮೀಟರಿಗೆ ಇಳಿದಿತ್ತು. ವೃಷಭಾವತಿ ಕಣಿವೆಯಲ್ಲಿ ಸುಮಾರು 226 ಇದ್ದದ್ದು 111 ಆಗಿತ್ತು. ಹಳೆಯ ಸರ್ವೆ ನಕ್ಷೆಗಳು ಇಲ್ಲದೇ ಹೋಗಿದ್ದರೆ ಈ ಲೆಕ್ಕ ಹಾಕುವುದೂ ಸಾಧ್ಯವಾಗುತ್ತಿರಲಿಲ್ಲ. ಕಂದಾಯಕ್ಕೆ ಬೇಡವೆಂದು ಬದಿಗಿಟ್ಟ ಜೋಡುಗೆರೆಯೇ ಕೊನೆಗೆ ನೀರಿನ ಪರ ಉಳಿದ ಸಾಕ್ಷಿ.

ಕಾಗದದಿಂದ ಪರದೆಗೆ

ಕರ್ನಾಟಕದ ಭೂದಾಖಲೆಗಳು ಕಂಪ್ಯೂಟರಿಗೆ ಏರಿದ್ದು ‘ಭೂಮಿ’ ಯೋಜನೆಯಿಂದ. 2000ದ ಆಸುಪಾಸಿನಲ್ಲಿ ಶುರುವಾಗಿ 2002ರ ಹೊತ್ತಿಗೆ ಎಲ್ಲ ತಾಲ್ಲೂಕುಗಳನ್ನು ಮುಟ್ಟಿತು. ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ಪಹಣಿಗಳು ಯಂತ್ರದೊಳಗೆ ಹೋದವು. ದೇಶವಿಡೀ ಹೊಗಳಿದ ಕೆಲಸ ಅದು. ಆದರೆ ‘ಭೂಮಿ’ಯಲ್ಲಿ ಇದ್ದದ್ದು ಬರೀ ಅಕ್ಷರ ಮತ್ತು ಅಂಕಿ. ಹೆಸರು, ವಿಸ್ತೀರ್ಣ, ಬೆಳೆ, ಋಣ. ಆ ಜಮೀನು ಎಲ್ಲಿದೆ ಎಂದು ತೋರಿಸುವ ಚಿತ್ರ ಅದರಲ್ಲಿರಲಿಲ್ಲ. ಗ್ರಾಮ ನಕ್ಷೆಯ ನಕಲು ಬೇಕಾದವರು ಸರ್ವೆ ಕಚೇರಿಯಲ್ಲಿ ಅರ್ಜಿ ಕೊಟ್ಟು ಕಾಯಬೇಕಿತ್ತು.

ಚಿತ್ರವನ್ನು ಯಂತ್ರಕ್ಕೆ ಏರಿಸುವುದು ಇನ್ನೂ ಕಷ್ಟದ ಕೆಲಸವಾಗಿತ್ತು. ನೂರು ವರ್ಷ ಮಡಿಚಿಟ್ಟ ಕಾಗದ ಕುಗ್ಗಿರುತ್ತದೆ, ಮಡಿಕೆಯಲ್ಲಿ ಹರಿದಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ಪ್ರತಿ ಗೆರೆಯನ್ನೂ ಕಂಪ್ಯೂಟರಿನಲ್ಲಿ ಮತ್ತೆ ಎಳೆದು, ಉಪಗ್ರಹ ಚಿತ್ರದ ಮೇಲೆ ಕೂರಿಸಬೇಕು. ಹಳೆಯ ಗ್ರಾಮ ನಕ್ಷೆಗಳಿಗೆ ಅಕ್ಷಾಂಶ ರೇಖಾಂಶದ ಗೊಡವೆ ಇರಲಿಲ್ಲ. ಒಂದೊಂದು ಊರೂ ತನ್ನಷ್ಟಕ್ಕೆ ಒಂದು ದ್ವೀಪ. ಕೆರೆ ಏರಿಯ ತುದಿ, ಮೂರು ಊರಿನ ಗಡಿ ಸೇರುವ ಕಲ್ಲು, ಹಳೆಯ ದೇವಸ್ಥಾನ ಹೀಗೆ ಎರಡೂ ಕಡೆ ಕಾಣುವ ಗುರುತುಗಳನ್ನು ಹಿಡಿದು ನಕ್ಷೆಯನ್ನು ಎಳೆದು, ತಿರುಗಿಸಿ, ಹೊಂದಿಸಬೇಕು. ಒಂದು ಊರನ್ನು ಸರಿಯಾಗಿ ಕೂರಿಸಿದರೆ ಪಕ್ಕದ ಊರಿನ ಅಂಚು ಅದರ ಮೇಲೆ ಏರುತ್ತದೆ, ಇಲ್ಲವೇ ನಡುವೆ ಯಾರಿಗೂ ಸೇರದ ಸಂದು ಬಿಡುತ್ತದೆ.

ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡಿ ನೋಡಬಹುದು. 20 ಸರಪಳಿಗೆ ಒಂದು ಅಂಗುಲ ಎಂದರೆ 660 ಅಡಿಗೆ ಒಂದು ಅಂಗುಲ. ಈ ನಕ್ಷೆಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಮಸಿಗೆರೆ ನೆಲದ ಮೇಲೆ 13 ಅಡಿ ಆಗುತ್ತದೆ. 30 ಅಡಿ ಅಗಲದ ನಿವೇಶನ ಕಾಗದದ ಮೇಲೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೈಯಲ್ಲಿರುವ ಮೊಬೈಲ್ ಫೋನ್ ತಾನು ನಿಂತ ಜಾಗವನ್ನು ಬಯಲಿನಲ್ಲಿ ಸುಮಾರು 5 ಮೀಟರ್ ಆಚೀಚೆ ಹೇಳಬಲ್ಲದು. ಎತ್ತರದ ಕಟ್ಟಡಗಳ ನಡುವೆ ಅದೂ ಇಲ್ಲ. ರಾಗಿ ಹೊಲಕ್ಕೆ ಈ ತಪ್ಪು ಲೆಕ್ಕಕ್ಕಿಲ್ಲ. ಎರಡು ಅಡಿಗಾಗಿ ನೆರೆಯವರು ಕೋರ್ಟಿಗೆ ಹೋಗುವ ಊರಿನಲ್ಲಿ ಇದೇ ದೊಡ್ಡ ವಿಷಯ. ಪರದೆಯ ಮೇಲೆ ಎರಡು ಬೆರಳಿನಿಂದ ಹಿಗ್ಗಿಸಿದಷ್ಟೂ ಚಿತ್ರ ದೊಡ್ಡದಾಗುತ್ತದೆ. ಗೆರೆ ಎಷ್ಟು ಹಿಗ್ಗಿಸಿದರೂ ಕೂದಲೆಳೆಯಂತೆ ತೆಳುವಾಗಿಯೇ ಉಳಿಯುತ್ತದೆ. ಹಳೆಯ ಕಾಗದ ತನ್ನ ಮಿತಿಯನ್ನು ಮಸಿಯ ದಪ್ಪದಲ್ಲಿ ತೋರಿಸುತ್ತಿತ್ತು, ಪರದೆ ಅದನ್ನು ಮುಚ್ಚಿಡುತ್ತದೆ.

ಇನ್ನೊಂದು ತೊಡಕು ಹಿಸ್ಸೆಗಳದ್ದು. ಅಣ್ಣತಮ್ಮಂದಿರು ಭಾಗವಾದಾಗ ಪಹಣಿಯಲ್ಲಿ ಹೆಸರು ಬೇರೆಯಾಗುತ್ತದೆ, ಅಳತೆ ಮಾಡಿ ಪೋಡಿ ಆಗಿರುವುದಿಲ್ಲ. ಒಂದೇ ನಂಬರಿನಲ್ಲಿ ಹತ್ತು ಹೆಸರು, ನೆಲದ ಮೇಲೆ ಹತ್ತು ಬೇಲಿ, ನಕ್ಷೆಯಲ್ಲಿ ಒಂದೇ ತುಂಡು. ಅಂಥ ಕಡೆ ಆಪ್ ಸರ್ವೆ ನಂಬರ್ ತೋರಿಸಿ ಸುಮ್ಮನಾಗುತ್ತದೆ. ಅದರ ಆಚೆಗೆ ತೋರಿಸಲು ಗೆರೆಯೇ ಇಲ್ಲ.

ಕಾಗದಪತ್ರ ಸರಿಯಿದ್ದವರು

ನಕ್ಷೆಯ ಜೋಡುಗೆರೆಗೆ ಎಷ್ಟು ಬಲವಿದೆ ಎಂದು ಬೆಂಗಳೂರಿಗೆ ಗೊತ್ತಾದದ್ದು 2016ರಲ್ಲಿ. ಜುಲೈ ಕೊನೆಯ ಮಳೆಗೆ ಕೋಡಿಚಿಕ್ಕನಹಳ್ಳಿಯ ರಸ್ತೆಗಳಲ್ಲಿ ನೀರು ನಿಂತು ದೋಣಿ ಬಿಡುವಂತಾಯಿತು. ಹೆಸರಿನಲ್ಲೇ ಕೋಡಿ ಇರುವ ಊರು ಅದು. ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿ ಬುಲ್ಡೋಜರ್ ತಂದಿತು. ಕಂದಾಯ ಇಲಾಖೆಯ ಭೂಮಾಪಕರು ಗ್ರಾಮ ನಕ್ಷೆ ನೋಡಿ ಗೋಡೆಗಳ ಮೇಲೆ ಗುರುತು ಹಾಕಿದರು. ಕೆಲವು ಮನೆಗಳ ಅರ್ಧ, ಕೆಲವು ಮನೆಗಳ ಪೂರ್ತಿ ರಾಜಕಾಲುವೆಯ ಮೇಲೆ ಬಂದಿದ್ದವು.

ಬೀದಿಗೆ ಬಿದ್ದವರಲ್ಲಿ ಹೆಚ್ಚಿನವರು ಮಧ್ಯಮ ವರ್ಗದವರು. ನೋಂದಣಿ ಪತ್ರ, ಖಾತೆ, ತೆರಿಗೆ ರಸೀದಿ, ಬ್ಯಾಂಕ್ ಸಾಲದ ಕಾಗದ ಎಲ್ಲವೂ ಇತ್ತು. ನೋಂದಣಿ ಕಚೇರಿ, ಪಾಲಿಕೆ, ಬ್ಯಾಂಕು ಯಾರೂ ಗ್ರಾಮ ನಕ್ಷೆ ತೆರೆದು ನೋಡಿರಲಿಲ್ಲ. ನೋಡಬೇಕೆಂಬ ಕಟ್ಟುಪಾಡೂ ಅಷ್ಟಾಗಿ ಇರಲಿಲ್ಲ. ನಿವಾಸಿಗಳು ನಕ್ಷೆಯನ್ನೇ ಪ್ರಶ್ನಿಸಿದರು. ಕಾಲುವೆ ಇರುವುದು ಇಲ್ಲಲ್ಲ, ಅಲ್ಲಿ ಎಂದರು. 13 ಅಡಿ ದಪ್ಪದ ಗೆರೆಯ ವಿಷಯದಲ್ಲಿ ಅದು ಪೂರ್ತಿ ಹುರುಳಿಲ್ಲದ ವಾದವೂ ಅಲ್ಲ. ಕಾನೂನು ಮಾತ್ರ ಒಂದು ಕಡೆ ಸ್ಪಷ್ಟವಾಗಿದೆ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ರಸ್ತೆ, ನದಿ, ಹಳ್ಳ, ಕೆರೆ ಇವು ಸರ್ಕಾರದ ಸ್ವತ್ತು. ಪಂಜಾಬಿನ ಹಳ್ಳಿಯೊಂದರ ಕೊಳದ ಮೊಕದ್ದಮೆಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು, ಊರ ಸಾಮೂಹಿಕ ನೆಲದ ಒತ್ತುವರಿಯನ್ನು ಸಕ್ರಮ ಮಾಡುವ ಚಾಳಿಯನ್ನು ಕಟುವಾಗಿ ಟೀಕಿಸಿತು. ಹತ್ತು ಜನರಿಂದ ಕೈ ಬದಲಾಗಿ ಬಂದರೂ ಬಿ ಖರಾಬು ಬಿ ಖರಾಬೇ.

2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳು, ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳು ಮುಳುಗಿದಾಗ ಮತ್ತೆ ಅದೇ ನಕ್ಷೆ ಹೊರಬಂತು, ಮತ್ತೆ ಅದೇ ಬುಲ್ಡೋಜರ್. ಈ ಸಲ ಒಂದು ವ್ಯತ್ಯಾಸವಿತ್ತು. ಸಾಮಾನ್ಯ ಜನರೂ ಮೊಬೈಲಿನಲ್ಲಿ ಗೆರೆ ನೋಡುತ್ತಿದ್ದರು. ಯಾವ ಬಡಾವಣೆ ಎಲ್ಲಿ ಕುಳಿತಿದೆ, ಬುಲ್ಡೋಜರ್ ಯಾರ ಮನೆಯ ಮುಂದೆ ನಿಂತಿತು, ಯಾರ ಗೋಡೆಯ ಮುಂದೆ ತಿರುಗಿಹೋಯಿತು ಎಂಬುದನ್ನು ತಾಳೆ ನೋಡಲು ಸಾಧ್ಯವಾಯಿತು. ಶಾನುಭೋಗರ ಕಡತದಲ್ಲಿದ್ದಾಗ, ಸರ್ವೆ ಕಚೇರಿಯ ಕಪಾಟಿನಲ್ಲಿದ್ದಾಗ ಈ ಅನುಕೂಲ ಇರಲಿಲ್ಲ. ಆಪ್‌ನ ನಿಜವಾದ ಲಾಭ ಇದೇ ಎನ್ನಬೇಕು. ಅಳತೆಯ ನಿಖರತೆಗಿಂತ ಇದು ದೊಡ್ಡದು.

ಪರಿಸರದ ಹೆಸರಿನಲ್ಲಿ ಎಳೆಯುವ ಹೊಸ ಗೆರೆಗಳು ಇನ್ನೊಂದು ಬಗೆಯ ಪೇಚು ತಂದಿಟ್ಟವು. ಬೆಂಗಳೂರಿನ ಮಹಾ ಯೋಜನೆ–2015ರಲ್ಲಿ ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗಳ ಮಧ್ಯರೇಖೆಯಿಂದ ದರ್ಜೆಯ ಪ್ರಕಾರ 50, 25, 15 ಮೀಟರ್ ಬಿಡಬೇಕೆಂದಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್ ಎಂದು ಆದೇಶಿಸಿತು. ಯೋಜನೆಯಲ್ಲಿ ನಿಗದಿಯಾದ ಅಳತೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂದು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಕೆರೆಯಂಚಿನಿಂದ 40 ಮೀಟರ್ ದೂರದ ಖಾಲಿ ನಿವೇಶನವೊಂದು 2015ರಲ್ಲಿ ಹೊರಗೆ, 2016ರಲ್ಲಿ ಒಳಗೆ, 2019ರಲ್ಲಿ ಪುನಃ ಹೊರಗೆ. ಕೆರೆ ಮಾತ್ರ ಇದ್ದಲ್ಲೇ ಇತ್ತು. ಅಷ್ಟಕ್ಕೂ ಮೀಟರ್ ಯಾವುದೇ ಇರಲಿ, ಅದನ್ನು ಎಲ್ಲಿಂದ ಅಳೆಯಬೇಕು? ಕೆರೆಯ ಅಂಚು ಯಾವುದು ಎಂದು ಹೇಳಲು ಗ್ರಾಮ ನಕ್ಷೆಗೇ ಮರಳಬೇಕು.

ಮಲೆನಾಡಿನವರ ಅನುಭವ ಇದಕ್ಕೆ ತಿರುವುಮುರುವು. ಪಶ್ಚಿಮಘಟ್ಟದ ಬಗ್ಗೆ 2013ರಲ್ಲಿ ವರದಿ ಕೊಟ್ಟ ಕಸ್ತೂರಿರಂಗನ್ ತಂಡ ಉಪಗ್ರಹ ಚಿತ್ರಗಳನ್ನು ನೋಡಿ ಕಾಡನ್ನು ಗುರುತಿಸಿತು, ಆದರೆ ಗಡಿ ಹಾಕುವಾಗ ಕಂದಾಯ ಗ್ರಾಮವನ್ನೇ ಘಟಕವಾಗಿ ಹಿಡಿಯಿತು. ಗ್ರಾಮದ ಶೇ 20ರಷ್ಟು ಅಥವಾ ಹೆಚ್ಚು ಭಾಗ ಆ ಲೆಕ್ಕಕ್ಕೆ ಬಂದರೆ ಇಡೀ ಗ್ರಾಮವೇ ಸೂಕ್ಷ್ಮ ಪ್ರದೇಶ. ಅಡಿಕೆ ತೋಟ, ಮನೆ, ಶಾಲೆ ಎಲ್ಲವೂ ಅದರೊಳಗೆ. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. 2014ರಿಂದ ಒಂದರ ಹಿಂದೊಂದು ಕರಡು ಅಧಿಸೂಚನೆ ಬಂದು, 2024ರ ಜುಲೈನಲ್ಲಿ ಆರನೆಯದೂ ಬಂತು. ಕಾಡಿನ ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ಉಪಗ್ರಹ ಬೇರೆಯಾಗಿಯೇ ತೋರಿಸಬಲ್ಲದು. ಆದರೂ ಜನ ಕೇಳುವ ‘ನಮ್ಮ ಊರು ಬಂತೇ?’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಕಂದಾಯದವರು ಹಿಂದೆಂದೋ ಎಳೆದ ಊರಗಡಿಯಲ್ಲೇ.

ಸರ್ವೆ ಇಲಾಖೆ ಸುಮ್ಮನೆ ಕುಳಿತಿಲ್ಲ. ಕೇಂದ್ರದ ಸ್ವಾಮಿತ್ವ ಯೋಜನೆ 2020ರಲ್ಲಿ ಆರಂಭವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಹಿಂದಿನ ಸರ್ವೆ ಕಂದಾಯವಿಲ್ಲವೆಂದು ಬಿಟ್ಟಿದ್ದ ಹಳ್ಳಿಯ ಮನೆಗಳ ಜಾಗವನ್ನು ಡ್ರೋನ್ ಹಾರಿಸಿ ಅಳೆಯುವ ಕೆಲಸ ಅದು. ಭೂಮಾಪಕರ ಕೈಗೆ ರೋವರ್ ಎಂಬ ಉಪಕರಣ ಬಂದಿದೆ. ಮೊಬೈಲ್ ಫೋನ್ ಐದು ಮೀಟರ್ ತಪ್ಪುವ ಕಡೆ ಅದು ಕೆಲವೇ ಸೆಂಟಿಮೀಟರ್ ತಪ್ಪುತ್ತದೆ. ಆದರೆ ರೋವರ್ ತಾನು ನಿಂತ ಜಾಗವನ್ನು ಹೇಳಬಲ್ಲದು. ಗಡಿ ಯಾವುದು ಎಂದು ಹೇಳಲಾರದು.

ದಿಶಾಂಕ್ ಬಳಸುವವರು ಅದು ಮಾಹಿತಿಗಾಗಿ ಮಾತ್ರ ಎಂಬುದನ್ನು ನೆನಪಿಡಬೇಕು. ಗಡಿಯ ಬಗ್ಗೆ ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಬೇಕು. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗಬೇಕು. ಗೊತ್ತಾದ ದಿನ ಭೂಮಾಪಕರು ಬರುತ್ತಾರೆ. ಒಂದು ಕೈಯಲ್ಲಿ ಉಪಕರಣ, ಇನ್ನೊಂದು ಕೈಯಲ್ಲಿ ಮೂಲ ಸರ್ವೆಯ ಟಿಪ್ಪಣಿಯ ನಕಲು, ಸರಪಳಿ–ಆಣೆಯ ಲೆಕ್ಕದಲ್ಲಿ ಬರೆದದ್ದು. ಮೊದಲು ನಡೆಯುವುದು ಹುಡುಕಾಟ. ಬದುವಿನ ಹುಲ್ಲು ಸರಿಸಿ, ಮಣ್ಣು ಕೆದಕಿ, ಕೆಲವೊಮ್ಮೆ ಯಾರದೋ ಕಾಂಪೌಂಡಿನ ಬುಡ ಅಗೆದು, ಹಳೆಯ ಬಾಂದು ಕಲ್ಲೊಂದು ಸಿಕ್ಕರೆ ಅಳತೆ ಅಲ್ಲಿಂದ ಶುರು.